ಮಗನಿಗೆ 18 ತುಂಬಿತು, ಕಾರಿನ ಇನ್ಶೂರೆನ್ಸ್ ಜಾಸ್ತಿ ಆಗುತ್ತಾ?

ಪ್ರಶ್ನೆ: ನಾವು ಬೆಂಗಳೂರಿನ ಜಯನಗರದಲ್ಲಿದ್ದೇವೆ. ಮಗನಿಗೆ 18 ತುಂಬಿದೆ, ಹೋದ ತಿಂಗಳು ಡಿಎಲ್ ಕೂಡ ಬಂತು. ಕಾರು ನಮ್ಮ ಯಜಮಾನರ ಹೆಸರಿನಲ್ಲಿದೆ. 1197 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ವರ್ಷ ಹಳೆಯದು. ಹಿಂದಿನ ಕಾರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇದಕ್ಕೆ ತಂದಿದ್ದೆವು, ಈಗ ಅದು 50% ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನನ್ನ ಅಕ್ಕ, ಮಗಳ ಹೆಸರನ್ನು ಪಾಲಿಸಿಗೆ ಸೇರಿಸಿದ ಕೂಡಲೇ ಪ್ರೀಮಿಯಂ ಹತ್ತಿರಹತ್ತಿರ ಎರಡರಷ್ಟಾಯಿತು ಅಂತ ಗೋಳಾಡುತ್ತಿದ್ದಾಳೆ. ನಮಗೂ ಹಾಗೇ ಆಗುತ್ತಾ? ಕಂಪನಿಗೆ ಮಗನ ವಿಷಯ ತಿಳಿಸಬೇಕಾ? ಅವನ ಹೆಸರಿನಲ್ಲೇ ಒಂದು ಹಳೇ ಕಾರು ಕೊಡಿಸಿದರೆ ಹೇಗೆ? ಇನ್ನೊಂದು: 16ರ ಮಗಳು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾನೂ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬಿಡಬಹುದಾ?

ಉತ್ತರ: ಮೇಡಂ, ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆಗುವುದಿಲ್ಲ. ಮಗ ಸ್ಟಿಯರಿಂಗ್ ಹಿಡಿದ ಅನ್ನುವ ಕಾರಣಕ್ಕೆ ನಿಮ್ಮ ಪ್ರೀಮಿಯಂ ಏರುವುದಿಲ್ಲ. ಆದರೆ ಖುಷಿಯಾಗಿ ಓದು ಇಲ್ಲಿಗೇ ನಿಲ್ಲಿಸಬೇಡಿ. ನಮ್ಮಲ್ಲಿ ಹೊಸ ಹುಡುಗನ ಖರ್ಚು ಪ್ರೀಮಿಯಂ ಕಟ್ಟುವ ದಿನ ಕಾಣಿಸುವುದಿಲ್ಲ, ಕ್ಲೇಮ್ ಮಾಡುವ ದಿನ ಕಾಣಿಸುತ್ತದೆ. ನಿಮ್ಮ ಅಕ್ಕ ಮೊದಲೇ ಕಟ್ಟಿ ಗೋಳಾಡುತ್ತಿದ್ದಾರೆ. ಇಲ್ಲಿನವರು ಆಮೇಲೆ ಗೋಳಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಯಾಕೆ ಹೀಗೆ? ನಮ್ಮ ದೇಶದಲ್ಲಿ ದರ ನಿಗದಿಯಾಗುವುದು ಮುಖ್ಯವಾಗಿ ಕಾರು ನೋಡಿ. ಅಮೆರಿಕದಲ್ಲಿ ಓಡಿಸುವವರನ್ನೂ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನರೇ ಮತ ಹಾಕಿ ತಂದ ಕಾನೂನೊಂದಿದೆ. ಅದರ ಪ್ರಕಾರ ಮೂರು ವಿಷಯ ಮುಖ್ಯ: ಹಿಂದಿನ ಅಪಘಾತ ಮತ್ತು ದಂಡಗಳ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಎಷ್ಟು ವರ್ಷದ ಡ್ರೈವಿಂಗ್ ಅನುಭವ. ನಿಮ್ಮ ಅಕ್ಕನ ಮಗಳಿಗೆ ಅನುಭವ ಎಲ್ಲಿಂದ ಬರಬೇಕು? ಒಳ್ಳೆಯ ಡ್ರೈವರ್‌ಗಳಿಗೆ ಅಲ್ಲಿ ಕೊಡಲೇಬೇಕಾದ 20% ರಿಯಾಯಿತಿಯೂ ಲೈಸೆನ್ಸ್ ಬಂದು ಮೂರು ವರ್ಷ ಆಗುವವರೆಗೆ ಸಿಗುವುದಿಲ್ಲ. ಹಾಗಾಗಿ ಬಿಲ್ ಹಾರುತ್ತದೆ. ಅಲ್ಲಿ ಮನೆಯಲ್ಲಿ ಲೈಸೆನ್ಸ್ ಇರುವ ಎಲ್ಲರ ಹೆಸರನ್ನೂ ಕಂಪನಿ ಕೇಳುತ್ತದೆ. ನಿಮ್ಮ ಅಕ್ಕ ಹೇಳಿದ್ದು ಸುಳ್ಳಲ್ಲ.

ಇನ್ನು ನಿಮ್ಮ ಪಾಲಿಸಿ ತೆಗೆದು ನೋಡಿ. ಅದರಲ್ಲಿ ಎರಡು ಭಾಗ ಇರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ತೊಂದರೆಗೆ. ಇದು ಕಡ್ಡಾಯ, ದರ ಸರ್ಕಾರದ್ದು, ಎಲ್ಲ ಕಂಪನಿಗಳಲ್ಲೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ದೊಡ್ಡದಕ್ಕೆ 7,897. ಮೇಲೆ ಜಿಎಸ್‌ಟಿ. ನಿಮ್ಮದು 3,416ರ ಗುಂಪು. ಓಡಿಸುವವರು ಎಪ್ಪತ್ತರ ತಾತನಾಗಲಿ ಹದಿನೆಂಟರ ಮೊಮ್ಮಗನಾಗಲಿ, ಅಷ್ಟೇ.

ಎರಡನೆಯದು ಓನ್ ಡ್ಯಾಮೇಜ್, ನಿಮ್ಮ ಕಾರಿಗೇ ಆದ ಹಾನಿಗೆ. ಇಲ್ಲಿ ಕಾರಿನ ಈಗಿನ ಬೆಲೆ, ಎಂಜಿನ್ ಗಾತ್ರ, ಕಾರಿನ ವಯಸ್ಸು ಮತ್ತು ಊರು ಲೆಕ್ಕಕ್ಕೆ ಬರುತ್ತವೆ. ಪಾಲಿಸಿಯಲ್ಲಿ ಐಡಿವಿ ಅಂತ ಬರೆದಿರುತ್ತದಲ್ಲ, ಅದೇ ಈ ಬೆಲೆ. ಊರು ಅಂದರೆ 2007ಕ್ಕೆ ಮುಂಚಿನ ಹಳೇ ದರಪಟ್ಟಿಯ ವಲಯ. ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಾ, ಹೈದರಾಬಾದ್, ಅಹಮದಾಬಾದ್, ಪುಣೆ ಇವು ‘ಎ’ ವಲಯ. ಮೈಸೂರು, ಹುಬ್ಬಳ್ಳಿ, ಮಂಗಳೂರು ಸೇರಿ ಉಳಿದೆಲ್ಲ ‘ಬಿ’. ದೊಡ್ಡ ಊರಿನ ಟ್ರಾಫಿಕ್ಕಿಗೆ ಎಷ್ಟು ಜಾಸ್ತಿ ಕೊಡುತ್ತೇವೆ ಅಂತ ಕುತೂಹಲವಿದ್ದರೆ ಕೇಳಿ: ಐದು ವರ್ಷದೊಳಗಿನ, ನಿಮ್ಮ ಗಾತ್ರದ ಕಾರಿಗೆ ಮೂಲ ದರ ‘ಎ’ ವಲಯದಲ್ಲಿ ಐಡಿವಿಯ 3.283%, ‘ಬಿ’ಯಲ್ಲಿ 3.191%. ಐಡಿವಿ 5 ಲಕ್ಷ ಅಂದುಕೊಂಡರೆ 460 ರೂಪಾಯಿ ವ್ಯತ್ಯಾಸ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಾ ನಿಲ್ಲುವವರಿಗೆ ಇದು ಹಾಸ್ಯದಂತೆ ಕಾಣಬಹುದು! ಇದರ ಮೇಲೆ ಕಂಪನಿಗಳು ತಮ್ಮ ತಮ್ಮ ಡಿಸ್ಕೌಂಟ್ ಕೊಡುತ್ತವೆ. 2007ರಿಂದ ಈ ಭಾಗದ ದರ ಕಂಪನಿಗಳ ಕೈಗೆ ಬಂದಿದೆ, ಹಾಗಾಗಿ ಒಂದೇ ಕಾರಿಗೆ ಬೇರೆ ಬೇರೆ ಕೊಟೇಶನ್ ಬರುತ್ತದೆ.

ಕಂಪನಿಗೆ ತಿಳಿಸಬೇಕಾ ಅಂತ ಕೇಳಿದಿರಿ. ಹೆಸರು ಸೇರಿಸುವ ಪದ್ಧತಿಯೇ ನಮ್ಮಲ್ಲಿಲ್ಲ. ಪಾಲಿಸಿಯ ‘ಡ್ರೈವರ್ಸ್ ಕ್ಲಾಸ್’ ಓದಿ, ಅಂದರೆ ಯಾರು ಓಡಿಸಬಹುದು ಅನ್ನುವ ಷರತ್ತು. ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರುವ ಯಾರು ಬೇಕಾದರೂ ಓಡಿಸಬಹುದು ಎಂದಿರುತ್ತದೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇರುವವರಿಗೂ ಅವಕಾಶ ಇದೆ, ಆದರೆ ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಬೇಕು. ರಿನ್ಯೂವಲ್ ಫಾರಂನಲ್ಲಿ ‘ಯಾರು ಓಡಿಸುತ್ತಾರೆ’ ಅಂತ ಕಾಲಂ ಇದ್ದರೆ ಮಾತ್ರ ಮಗನ ಹೆಸರು, ವಯಸ್ಸು ನಿಜವಾಗಿಯೇ ಬರೆಯಿರಿ. ಮುಚ್ಚಿಟ್ಟು ಲಾಭ ಏನೂ ಇಲ್ಲ.

ಇನ್ನೊಂದು ಸಣ್ಣ ವಿಷಯ, ಇದರಲ್ಲೇ ಎಷ್ಟೋ ಕ್ಲೇಮ್ ಬಿದ್ದುಹೋಗುತ್ತವೆ. ಮಗನ ಡಿಎಲ್‌ನಲ್ಲಿ ಎಲ್‌ಎಂವಿ (ಕಾರಿನಂಥ ಲಘು ವಾಹನ) ಅಂತ ಇದೆಯಾ ನೋಡಿ. ಬರೀ ಬೈಕಿನ ಎಂಸಿಡಬ್ಲ್ಯುಜಿ ಇದ್ದರೆ ಕಾರಿನ ಮಟ್ಟಿಗೆ ಅವನಿಗೆ ಲೈಸೆನ್ಸೇ ಇಲ್ಲ ಎಂದೇ ಲೆಕ್ಕ.

ಈಗ ನಿಜವಾದ ಖರ್ಚಿಗೆ ಬರೋಣ. ಹೊಸಬರು ಮಾಡುವ ಹಾನಿಯಲ್ಲಿ ದೊಡ್ಡ ಅಪಘಾತ ಕಡಿಮೆ. ಗೇಟಿಗೆ ಉಜ್ಜುವುದು, ಕಂಬಕ್ಕೆ ಬಂಪರ್ ತಾಗಿಸುವುದು, ಕನ್ನಡಿ ಮುರಿಯುವುದು, ಇವೇ ಜಾಸ್ತಿ. ಮಗ ಮುಂದಿನ ಬಂಪರ್ ಒಡೆದ ಅಂದುಕೊಳ್ಳಿ. ಬಂಪರ್ 5,000, ಪೇಂಟಿಂಗ್ 4,000, ಒಟ್ಟು 9,000 ಬಿಲ್. ಇನ್ಶೂರೆನ್ಸ್ ಇದೆಯಲ್ಲ ಅಂತ ಕ್ಲೇಮ್ ಹಾಕಿದಿರಿ. ಝೀರೋ ಡೆಪ್ (ಸವಕಳಿ ಕಡಿತ ಇಲ್ಲದಂತೆ ಮಾಡುವ ಹೆಚ್ಚುವರಿ ಕವರ್) ಇಲ್ಲದ ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಸವಕಳಿ ಅಂತ ಕಡಿತ. ಬಂಪರ್ ಪ್ಲಾಸ್ಟಿಕ್, ಹೋಯ್ತು 2,500. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಖರ್ಚು ಎಂದು ಹಿಡಿದು ಅದರಲ್ಲಿ ಅರ್ಧ ಕಡಿತ, ಹೋಯ್ತು 500. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ನೀವು ಹಾಕಬೇಕಾದ ಪಾಲು 1,000. ನಿಮ್ಮ ಕೈಗೆ ಬಂದದ್ದು 5,000.

ಆಮೇಲೆ ರಿನ್ಯೂವಲ್ ಬರುತ್ತದೆ. ಕಂಪನಿಯ ಡಿಸ್ಕೌಂಟ್ ಎಲ್ಲ ಕಳೆದು ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 10,000 ಅಂತ ಇಟ್ಟುಕೊಳ್ಳೋಣ. 50% ಬೋನಸ್ ಇದ್ದಾಗ 5,000 ಕಟ್ಟುತ್ತಿದ್ದಿರಿ. ಒಂದೇ ಒಂದು ಕ್ಲೇಮ್ ಆಯಿತು, ಬೋನಸ್ ಸೊನ್ನೆ. ಮುಂದಿನ ವರ್ಷ ಪೂರ್ತಿ 10,000. ಅದರ ಮುಂದೆ ಮತ್ತೆ 20%, 25%, 35%, 45% ಅಂತ ಮೆಟ್ಟಿಲು ಹತ್ತಬೇಕು. ಹಳೇ 50ಕ್ಕೆ ಮರಳುವ ಹೊತ್ತಿಗೆ ಜಾಸ್ತಿ ಕಟ್ಟಿದ್ದು 5,000, 3,000, 2,500, 1,500, 500. ಕೂಡಿದರೆ 12,500, ಜೊತೆಗೆ 18% ಜಿಎಸ್‌ಟಿ. ಕಾರಿನ ಬೆಲೆ ವರ್ಷ ವರ್ಷ ಇಳಿಯುವುದರಿಂದ ಸ್ವಲ್ಪ ಕಮ್ಮಿ ಆಗಬಹುದು. ಆದರೂ 5,000ದ ಆಸೆಗೆ ಹನ್ನೆರಡು ಸಾವಿರದ ಆಸುಪಾಸು ಕಳೆದುಕೊಂಡಂತಾಯಿತು. ಸರ್ವಿಸ್ ಸೆಂಟರ್‌ನವರು ‘ಕ್ಲೇಮ್ ಹಾಕಿ ಸರ್, ಎಲ್ಲಾ ನಾವೇ ನೋಡ್ಕೋತೀವಿ’ ಅನ್ನುತ್ತಾರೆ. ಅವರಿಗೆ ಬಿಲ್ ಆಗಬೇಕು, ಅಷ್ಟೇ. ನಿಮ್ಮ ಬೋನಸ್ ಅವರ ಲೆಕ್ಕದಲ್ಲಿಲ್ಲ.

ಹಾಗಾಗಿ ನಿಮ್ಮ ವಿಷಯದಲ್ಲಿ ನನ್ನ ಸಲಹೆ: ಹದಿನೈದು ಸಾವಿರದೊಳಗಿನ ರಿಪೇರಿಗೆ ಕ್ಲೇಮ್ ಹಾಕಬೇಡಿ, ಕೈಯಿಂದ ಕೊಡಿ. ಆ ದುಡ್ಡಿನಲ್ಲಿ ಸ್ವಲ್ಪ ಮಗನ ಪಾಕೆಟ್ ಮನಿಯಿಂದಲೂ ಬರಲಿ, ಅದು ನಿಮ್ಮ ಮನೆಯ ವ್ಯವಹಾರ. ಮುಂದಿನ ರಿನ್ಯೂವಲ್‌ನಲ್ಲಿ ಎರಡು ಆಡ್-ಆನ್ ಸೇರಿಸಿ. ಒಂದು ಝೀರೋ ಡೆಪ್ರಿಸಿಯೇಶನ್, ಅದಿದ್ದರೆ ಬಂಪರಿನ ಅರ್ಧ ಕಡಿತ ಇಲ್ಲ. ಬಹಳ ಕಂಪನಿಗಳು ಐದು ವರ್ಷ ದಾಟಿದ ಕಾರಿಗೆ ಇದನ್ನು ಕೊಡಲು ಹಿಂದೆಮುಂದೆ ನೋಡುತ್ತವೆ, ನಿಮ್ಮದು ನಾಲ್ಕು, ತಡ ಮಾಡಬೇಡಿ. ಇನ್ನೊಂದು ಎನ್‌ಸಿಬಿ ಪ್ರೊಟೆಕ್ಟ್, ಅಂದರೆ ನೋ ಕ್ಲೇಮ್ ಬೋನಸ್ ಕಾಪಾಡುವ ಕವರ್. ವರ್ಷಕ್ಕೆ ಒಂದು ಕ್ಲೇಮ್ ಮಾಡಿದರೂ ಬೋನಸ್ ಉಳಿಯುತ್ತದೆ. ಎಷ್ಟು ಕ್ಲೇಮಿನವರೆಗೆ ಅನ್ನುವುದು ಕಂಪನಿ ಮೇಲೆ ಹೋಗುತ್ತದೆ. ನೀವಿಬ್ಬರೇ ಓಡಿಸುತ್ತಿದ್ದಾಗ ಇದು ದಂಡ ಅನ್ನಿಸುತ್ತಿತ್ತು. 50% ಬೋನಸ್ ಇಟ್ಟುಕೊಂಡು ಹೊಸ ಹುಡುಗನ ಕೈಗೆ ಕೀ ಕೊಡುವಾಗ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ವಾಲಂಟರಿ ಡಿಡಕ್ಟಿಬಲ್ ಅಂತ ಒಂದನ್ನು ಏಜೆಂಟ್ ತೋರಿಸಬಹುದು. ‘ಹಾನಿಯಲ್ಲಿ ಮೊದಲ 15,000 ನಾವೇ ಹಾಕಿಕೊಳ್ಳುತ್ತೇವೆ’ ಅಂತ ಒಪ್ಪಿದರೆ ಹಳೇ ಪಟ್ಟಿಯ ಪ್ರಕಾರ ರಿಯಾಯಿತಿ ಹೆಚ್ಚೆಂದರೆ 2,500. ಮಗ ಹೊಸಬನಾಗಿರುವ ಈ ಎರಡು ವರ್ಷ ಅದರ ತಂಟೆಗೆ ಹೋಗಬೇಡಿ. 2022ರಿಂದ ಕಿಲೋಮೀಟರ್ ಲೆಕ್ಕದ ಪಾಲಿಸಿಗಳೂ ಬಂದಿವೆ, ಕಡಿಮೆ ಓಡಿಸಿದರೆ ಕಡಿಮೆ ಕಟ್ಟಿ ಅಂತ. ಕಾರು ಭಾನುವಾರ ಮಾತ್ರ ಹೊರಗೆ ಬರುವ ಮನೆಗೆ ಸರಿ. ಹದಿನೆಂಟರ ಹುಡುಗನಿರುವ ಮನೆಯಲ್ಲಿ ಕಾರು ಭಾನುವಾರ ಮಾತ್ರ ಹೊರಗೆ ಬರುತ್ತದೆ ಅಂತ ನನಗಂತೂ ನಂಬಿಕೆ ಇಲ್ಲ.

ಈಗ ಹೇಳುವುದು ಯಾರೂ ನಿಮಗೆ ಹೇಳಿರದ ವಿಷಯ, ನನ್ನ ಪ್ರಕಾರ ನಿಮ್ಮ ಪಾಲಿಸಿಯ ಅತಿ ದೊಡ್ಡ ತೂತು. ಕಾರಿಗೆ ಆದದ್ದಕ್ಕೆ ದುಡ್ಡು ಬರುತ್ತದೆ. ಎದುರಿನವರಿಗೆ ಆದದ್ದಕ್ಕೂ ಬರುತ್ತದೆ. ಸಾವು ನೋವಿಗೆ ಮಿತಿಯೇ ಇಲ್ಲ, ಆಸ್ತಿ ಹಾನಿಗೆ 7.5 ಲಕ್ಷದವರೆಗೆ. ಓಡಿಸುತ್ತಿದ್ದ ಮಗನಿಗೇ ಏಟಾದರೆ? ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಕಾಣುತ್ತದೆ. ಅದು ಓನರ್-ಡ್ರೈವರ್‌ಗೆ, ಅಂದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೆ. ನಿಮ್ಮ ಯಜಮಾನರಿಗೆ ಸಿಗುತ್ತದೆ, ಮಗನಿಗಲ್ಲ. ಸರಿ, ಥರ್ಡ್ ಪಾರ್ಟಿಯಲ್ಲಿ ಕೇಳೋಣ ಅಂದರೆ ತಪ್ಪು ಅವನದೇ ಆದಾಗ ಅವನು ಥರ್ಡ್ ಪಾರ್ಟಿಯೇ ಅಲ್ಲ. ಎರವಲು ತಂದ ಬೈಕ್ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡವರ ಮನೆಯವರು ಹೂಡಿದ್ದ, ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನು ಬಿಡಿಸಿ ಹೇಳಿತು. ಮಾಲೀಕರಿಂದ ಗಾಡಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತಂತೆ. ಮಾಲೀಕ ತನ್ನ ವಿರುದ್ಧ ತಾನೇ ಪರಿಹಾರ ಕೇಳಲು ಆಗುವುದಿಲ್ಲ, ಅಲ್ವಾ? ತಪ್ಪು ಎದುರಿನ ಗಾಡಿಯದಾದರೆ ಆ ಗಾಡಿಯ ಇನ್ಶೂರೆನ್ಸ್‌ನಿಂದ ಕೇಳಬಹುದು, ಅದು ಬೇರೆ ಮಾತು.

ಇದಕ್ಕೆ ಪರಿಹಾರ ಅಗ್ಗದ್ದೇ. ಮಗನ ಹೆಸರಿನಲ್ಲಿ ಬೇರೆಯಾಗಿ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿ. ಸಾವಿನ ಮೊತ್ತಕ್ಕಿಂತ ಶಾಶ್ವತ ಅಂಗವಿಕಲತೆಗೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ಗಮನಿಸಿ. ಜೊತೆಗೆ ಮನೆಯ ಹೆಲ್ತ್ ಪಾಲಿಸಿಯಲ್ಲಿ ಅವನ ಹೆಸರು ಇನ್ನೂ ಇದೆಯಾ ಒಮ್ಮೆ ನೋಡಿ. ಪ್ರೀಮಿಯಂ ಏರಲಿಲ್ಲ ಅಂತ ಉಳಿದ ದುಡ್ಡನ್ನು ನಾನಾಗಿದ್ದರೆ ಇಲ್ಲೇ ಹಾಕುತ್ತಿದ್ದೆ.

ಮಗನ ಹೆಸರಿನಲ್ಲಿ ಹಳೇ ಕಾರು ಕೊಡಿಸುವ ಯೋಚನೆಗೆ ನನ್ನ ವೋಟು ಇಲ್ಲ. 18 ತುಂಬಿದವರು ಕಾರಿನ ಮಾಲೀಕರಾಗಬಹುದು, ತೊಂದರೆಯಿಲ್ಲ. ಆ 15 ಲಕ್ಷದ ಕವರ್ ಆಗ ಅವನಿಗೇ ಸಿಗುತ್ತದೆ, ಇದೊಂದು ಲಾಭ. ಆದರೆ ಬೋನಸ್ ಸೊನ್ನೆಯಿಂದ ಶುರು. ನೋ ಕ್ಲೇಮ್ ಬೋನಸ್ ಕಾರಿಗೆ ಅಂಟಿದ್ದಲ್ಲ, ಮಾಲೀಕರಿಗೆ ಅಂಟಿದ್ದು. ಅದಕ್ಕೇ ಹಿಂದಿನ ಕಾರಿನದನ್ನು ನೀವು ಇದಕ್ಕೆ ತರಲು ಆಯಿತು. ಅಪ್ಪನದನ್ನು ಸುಮ್ನೆ ಮಗನ ಕಾರಿಗೆ ಬರೆಸಿಕೊಳ್ಳಲು ಬರುವುದಿಲ್ಲ. ಮಾಲೀಕರ ವಯಸ್ಸು ನೋಡಿ ದರ ಹಾಕುವ ಕಂಪನಿಗಳೂ ಕೆಲವಿವೆ, ಹದಿಹರೆಯದ ಮಾಲೀಕ ಅಂದರೆ ಡಿಸ್ಕೌಂಟ್ ಕಮ್ಮಿ ಆಗಬಹುದು. ಮೇಲಾಗಿ ಜಯನಗರದಲ್ಲಿ ಎರಡನೇ ಕಾರಿಗೆ ಪಾರ್ಕಿಂಗ್ ಎಲ್ಲಿದೆ?

ಮುಂದಿನ ಮಾತು ಕಟುವಾಗಿ ಹೇಳಬೇಕು. ಮಗ ಗುದ್ದಿಸಿದ, ಅಪ್ಪ ‘ಓಡಿಸುತ್ತಿದ್ದದ್ದು ನಾನೇ’ ಅಂತ ಕ್ಲೇಮ್ ಫಾರಂನಲ್ಲಿ ಬರೆದರು. ಇದು ನಮ್ಮ ಊರಿನಲ್ಲಿ ಬಹಳ ನಡೆಯುತ್ತದೆ, ಪ್ರೀತಿಯಿಂದಲೇ ನಡೆಯುತ್ತದೆ. ಮಗನಿಗೆ ಸರಿಯಾದ ಲೈಸೆನ್ಸ್ ಇದ್ದರೆ ಈ ಸುಳ್ಳಿನ ಅಗತ್ಯವೇ ಇಲ್ಲ. ಅವನ ಡಿಎಲ್ ಕೊಟ್ಟರೆ ಕ್ಲೇಮ್ ನಡೆಯುತ್ತದೆ. ಸುಳ್ಳು ಬರೆದಿರೋ, ನ್ಯಾಯವಾಗಿ ಬರಬೇಕಿದ್ದ ದುಡ್ಡೂ ಹೋಗುತ್ತದೆ. ಬೆಂಗಳೂರಿನಲ್ಲಿ ಅಂಗಡಿಗೊಂದು, ಸಿಗ್ನಲ್ಲಿಗೊಂದು ಕ್ಯಾಮೆರಾ ಇದೆ. ಆ ಹೊತ್ತಿನಲ್ಲಿ ಅಪ್ಪನ ಫೋನ್ ಆಫೀಸಿನಲ್ಲಿತ್ತು ಅನ್ನುವುದೂ ಗೊತ್ತಾಗುತ್ತದೆ. ಯಾರಿಗಾದರೂ ಏಟಾಗಿದ್ದರೆ ಅದು ಪೊಲೀಸ್ ಕೇಸ್, ಅಲ್ಲಿ ಈ ನಾಟಕ ಅಪ್ಪ ಮಗ ಇಬ್ಬರನ್ನೂ ಸಿಕ್ಕಿಸುತ್ತದೆ. ಕುಡಿದು ಓಡಿಸಿದರೆ, ರೇಸ್ ಕಟ್ಟಿದರೆ ನಿಮ್ಮ ಕಾರಿನ ಹಾನಿಗೆ ಬಿಡಿಗಾಸೂ ಬರುವುದಿಲ್ಲ. ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಗೆಳೆಯರ ಜೊತೆ ಹೊರಡುವ ಮುಂಚೆ ಇದನ್ನು ಅವನ ಕಿವಿಗೆ ಹಾಕಿರಿ.

ಇನ್ನು ಮಗಳ ವಿಷಯ. ನಮ್ಮ ಕಾನೂನಿನಲ್ಲಿ ಕಾರು ಓಡಿಸುವ ಹದಿಹರೆಯ ಅಂದರೆ 18 ಮತ್ತು 19 ಎರಡೇ ವರ್ಷ. 16ಕ್ಕೆ ಕಾರಿನ ಎಲ್‌ಎಲ್ ಕೂಡ ಸಿಗುವುದಿಲ್ಲ. ಬೇಸ್‌ಮೆಂಟ್ ರಸ್ತೆ ಅಲ್ಲವಲ್ಲ ಅಂತ ವಾದ ಮಾಡುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯಲ್ಲಿ ‘ಸಾರ್ವಜನಿಕ ಸ್ಥಳ’ ಅನ್ನುವ ಮಾತಿದೆ ನಿಜ, ಅಪಾರ್ಟ್‌ಮೆಂಟಿನ ಒಳಗೆ ಅದು ಅನ್ವಯಿಸುತ್ತದೋ ಇಲ್ಲವೋ ಅಂತ ವಕೀಲರು ಜಗಳವಾಡಲಿ. ನಿಮ್ಮ ಪಾಲಿಸಿಯ ಡ್ರೈವರ್ಸ್ ಕ್ಲಾಸ್‌ನಲ್ಲಿ ಲೈಸೆನ್ಸ್ ಇರಬೇಕು ಎಂದಿದೆಯೇ ಹೊರತು ಎಲ್ಲಿ ಓಡಿಸುವಾಗ ಅಂತ ಇಲ್ಲ. ಪಕ್ಕದ ಮನೆಯವರ ಹೊಸ ಎಸ್‌ಯುವಿಗೆ ತಾಗಿಸಿದಳು ಅಂದರೆ ನಿಮ್ಮ ಕಾರಿನ ರಿಪೇರಿ ನಿಮ್ಮದೇ, ಅವರದೂ ಕೊನೆಗೆ ನಿಮ್ಮ ತಲೆಗೇ ಬರಬಹುದು. ವಾಕಿಂಗ್ ಮಾಡುವ ಅಜ್ಜ ಅಜ್ಜಿಯರು, ಸೈಕಲ್ ಹೊಡೆಯುವ ಮಕ್ಕಳು ಇರುವ ಜಾಗ ಅದು. ಬೇಡ ಅನ್ನಿ.

ಗೇಟು ದಾಟಿದರಂತೂ ಕಥೆಯೇ ಬೇರೆ. 2019ರ ತಿದ್ದುಪಡಿಯಲ್ಲಿ 199ಎ ಅನ್ನುವ ಹೊಸ ಸೆಕ್ಷನ್ ಬಂತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ರಿಜಿಸ್ಟ್ರೇಶನ್ ರದ್ದು. ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮಗನ ಸ್ಕೂಟರ್ ಸವಾರಿಗೆ ಅಪ್ಪನಿಗೋ ಅಮ್ಮನಿಗೋ ಕೋರ್ಟ್ 25,000 ಹಾಕಿದ ಸುದ್ದಿ ನಮ್ಮ ಜಿಲ್ಲೆಗಳಿಂದಲೇ ಆಗಾಗ ಬರುತ್ತದೆ. ಇನ್ಶೂರೆನ್ಸ್ ಕಂಪನಿ ಗಾಯಗೊಂಡವರಿಗೆ ಮೊದಲು ಪರಿಹಾರ ಕೊಟ್ಟರೂ ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. 2004ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ದಾರಿ ಗಟ್ಟಿಯಾಗಿದೆ. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ, ಮನೆ ಮಾರುವ ಪರಿಸ್ಥಿತಿಯೂ ಬರಬಹುದು.

ಕಾರು ಬೇಡ, ಸ್ಕೂಟರ್ ಆದರೂ ಕೊಡಿಸಿ ಅಂತ ಅವಳ ಮುಂದಿನ ಬೇಡಿಕೆ ಬಂದೇ ಬರುತ್ತದೆ. 16ಕ್ಕೆ ಕೊಡುವ ಲೈಸೆನ್ಸ್ 50 ಸಿಸಿ ಮೀರದ ಗಾಡಿಗೆ ಮಾತ್ರ. ಮನೆಯಲ್ಲಿರುವ 110 ಸಿಸಿ ಸ್ಕೂಟರ್ ಅದಕ್ಕೆ ಬರುವುದಿಲ್ಲ, ಎಷ್ಟೋ ತಂದೆತಾಯಿ ಇಲ್ಲೇ ಎಡವುತ್ತಾರೆ. ಲೈಸೆನ್ಸೇ ಬೇಡದ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್‌ಗಳಿವೆ: ಮೋಟಾರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿಯೊಳಗೆ. ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ ಅಲ್ಲ, ನಂಬರ್ ಪ್ಲೇಟೂ ಬೇಡ. ಕೊಡಿಸುವುದಾದರೆ ಅದನ್ನೇ ಕೊಡಿಸಿ, ವೇಗದ ಲಾಕ್ ಬಿಚ್ಚಿಸಿದ್ದನ್ನು ಮಾತ್ರ ತರಬೇಡಿ. ಆದರೆ ವಾಹನವೇ ಅಲ್ಲ ಅಂದಮೇಲೆ ಅದಕ್ಕೆ ಕಡ್ಡಾಯದ ಥರ್ಡ್ ಪಾರ್ಟಿ ಇನ್ಶೂರೆನ್ಸೂ ಇಲ್ಲ. ಫುಟ್‌ಪಾತಿನಲ್ಲಿ ಯಾರಿಗಾದರೂ ಗುದ್ದಿದರೆ ಆಸ್ಪತ್ರೆ ಬಿಲ್ ನಿಮ್ಮ ಜೇಬಿನಿಂದಲೇ ಹೋಗುತ್ತದೆ.